ಸಾಫ್ಟನರ್ ಬಂದ ಮೇಲೆ ಶವರ್ ಸೊರಗುವುದೇಕೆ? ಗಡಸು ನೀರು, ಉಪ್ಪು ಮತ್ತು ಒತ್ತಡದ ಲೆಕ್ಕ

ಬೋರ್ ನೀರಿನ ಮನೆಗೆ ನೀರಿನ ಗಡಸು ತೆಗೆಯುವ ಸಾಫ್ಟನರ್ ಬಂದ ಸ್ವಲ್ಪ ದಿನಕ್ಕೆ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ ತರಹದ್ದು: ಸೋಪು ಚೆನ್ನಾಗಿ ನೊರೆ ಬರುತ್ತಿದೆ, ನಲ್ಲಿಯ ಮೇಲೆ ಬಿಳಿ ಕಲೆ ಕಟ್ಟುತ್ತಿಲ್ಲ, ಆದರೆ ಮೇಲಿನ ಮಹಡಿಯ ಶವರ್‌ನಲ್ಲಿ ನೀರೇ ಬರುತ್ತಿಲ್ಲ. ಮಾರಿದವರು ಪ್ಲಂಬರ್ ಕಡೆ ಬೆರಳು ತೋರಿಸುತ್ತಾರೆ, ಪ್ಲಂಬರ್ ಮೆಷೀನಿನ ಕಡೆ. ಬಹಳಷ್ಟು ಮನೆಗಳಲ್ಲಿ ಮೆಷೀನೂ ಸರಿಯಿರುತ್ತದೆ, ಪೈಪಿನ ಕೆಲಸವೂ ಸರಿಯಿರುತ್ತದೆ; ಮೆಷೀನನ್ನು ಕೂರಿಸಿದ ಜಾಗ ತಪ್ಪಿರುತ್ತದೆ. ಬೀದಿಯ ಪೈಪಿನಿಂದಲೇ ಸದಾ ಮೂರ್ನಾಲ್ಕು ಬಾರ್ ಒತ್ತಡದಲ್ಲಿ ನೀರು ಬರುವ ದೇಶಗಳಿಗಾಗಿ ರೂಪುಗೊಂಡ ಯಂತ್ರವನ್ನು ನಾವು ತಾರಸಿ ಟ್ಯಾಂಕಿನ ಕೆಳಗೆ ತಂದು ಜೋಡಿಸುತ್ತೇವೆ. ಅಲ್ಲಿ ಅದಕ್ಕೆ ಸಿಗುವ ಒತ್ತಡ ಕಾಲು ಬಾರ್ ಇದ್ದರೆ ಹೆಚ್ಚು.

ಲೆಕ್ಕ ಹಾಕಲು ಬೆಂಗಳೂರಿನ ಒಂದು ಮಾಮೂಲಿ ಮನೆಯನ್ನೇ ಎದುರಿಗಿಟ್ಟುಕೊಳ್ಳೋಣ. 30×40 ಸೈಟು, ನೆಲದಡಿಯಲ್ಲಿ ಸಂಪು, ಗ್ರೌಂಡ್ ಫ್ಲೋರ್ ಮತ್ತು ಅದರ ಮೇಲೊಂದು ಮಹಡಿ, ತಾರಸಿಯಲ್ಲಿ ಸಾವಿರ ಲೀಟರಿನ ಟ್ಯಾಂಕು, ಮನೆಯಲ್ಲಿ ನಾಲ್ಕು ಜನ.

ಗಡಸು ಎಷ್ಟಿದೆ ಎಂದು ಮೊದಲು ತಿಳಿಯಬೇಕು

ಬೆಂಗಳೂರು, ಕೋಲಾರ, ತುಮಕೂರು ಕಡೆಯ ಬೋರ್‌ವೆಲ್‌ಗಳು ನೀರೆತ್ತುವುದು ಗಟ್ಟಿ ಶಿಲೆಯ ಬಿರುಕುಗಳಿಂದ. ಲಾಲ್‌ಬಾಗ್ ಬಂಡೆಯಲ್ಲಿ ಕಣ್ಣಿಗೆ ಕಾಣುವ ಅದೇ ನೈಸ್ ಶಿಲೆ ನೆಲದಡಿಯಲ್ಲೂ ಹಬ್ಬಿದೆ. ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡ್ ಹೀರಿಕೊಂಡ ನೀರು ಸ್ವಲ್ಪ ಆಮ್ಲೀಯವಾಗಿರುತ್ತದೆ. ಅದು ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಗಡಸುತನ ಅಂದರೆ ಈ ಎರಡು ಲೋಹಗಳ ಲವಣಗಳ ಮೊತ್ತ. ಅದನ್ನು ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮ ಎಂದು ಅಳೆಯುತ್ತಾರೆ. ರಿಪೋರ್ಟಿನಲ್ಲಿ ಪಿಪಿಎಂ ಎಂದು ಬರೆಯುವುದೂ ಇದೇ ಸಂಖ್ಯೆ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ 200ರೊಳಗೆ ಇರಬೇಕು; ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಬೆಂಗಳೂರಿನ ಬೋರ್‌ಗಳಲ್ಲಿ 400, 500 ಮಾಮೂಲು. ಕಾವೇರಿ ನೀರು ಇದಕ್ಕೆ ಹೋಲಿಸಿದರೆ ತುಂಬಾ ಮೆದು. ಕಾವೇರಿ ಮಾತ್ರ ಬರುವ ಮನೆಗೆ ಸಾಫ್ಟನರ್ ಬೇಕೇ ಎಂದು ಕೇಳಿದರೆ ನನ್ನ ಉತ್ತರ: ಬೇಡ, ಆ ದುಡ್ಡನ್ನು ಉಳಿಸಿಕೊಳ್ಳಿ.

ಅಳೆಯದೆ ಅಂಗಡಿಗೆ ಹೋಗಬೇಡಿ. ಲ್ಯಾಬ್‌ಗೆ ಒಂದು ಬಾಟಲಿ ಕೊಟ್ಟರೆ ಗಡಸುತನದ ಜೊತೆಗೆ ಕಬ್ಬಿಣ, ಫ್ಲೋರೈಡ್, ನೈಟ್ರೇಟ್ ಎಷ್ಟಿದೆ ಎಂಬುದೂ ಗೊತ್ತಾಗುತ್ತದೆ. ಮನೆಯಲ್ಲೇ ನೋಡುವುದಾದರೆ ಡ್ರಾಪ್ ಟೆಸ್ಟ್ ಕಿಟ್ ಸಾಕು: ನೀರಿಗೆ ಸೂಚಕ ಹಾಕಿದಾಗ ವೈನ್ ಕೆಂಪು ಬಣ್ಣ ಬರುತ್ತದೆ, ಎರಡನೇ ದ್ರಾವಣವನ್ನು ಹನಿಹನಿಯಾಗಿ ಹಾಕುತ್ತಾ ಹೋದರೆ ಒಂದು ಹಂತದಲ್ಲಿ ತಟ್ಟನೆ ನೀಲಿಗೆ ತಿರುಗುತ್ತದೆ, ಎಷ್ಟು ಹನಿ ಬೇಕಾಯಿತು ಎನ್ನುವುದೇ ಗಡಸುತನ. ಟ್ಯಾಂಕರ್ ನೀರು ತರಿಸುವವರು ಲೋಡಿನಿಂದ ಲೋಡಿಗೆ ನೋಡಬೇಕು, ಯಾಕೆಂದರೆ ಟ್ಯಾಂಕರ್ ಇವತ್ತು ತುಂಬಿದ ಬೋರ್ ನಾಳೆಯದ್ದಲ್ಲ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾದ ಮೇಲೆ ಹೊರವಲಯದ ಹಲವು ಮನೆಗಳ ಸಂಪಿನಲ್ಲಿ ಎರಡೂ ನೀರು ಬೆರೆಯುತ್ತಿವೆ. ಅಂಥವರು ಹಳೆಯ ರಿಪೋರ್ಟ್ ಬದಿಗಿಟ್ಟು ಹೊಸದಾಗಿ ಅಳೆಯಬೇಕು. ಬೆರಕೆಯ ಲೆಕ್ಕ ಸುಲಭ: 600ರ ಬೋರ್ ನೀರಿಗೆ ಅಷ್ಟೇ ಪ್ರಮಾಣದ 100ರ ನೀರು ಸೇರಿದರೆ ಸಂಪಿನಲ್ಲಿ 350.

ಇಲ್ಲೇ ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಒಟ್ಟು ಲವಣಗಳನ್ನು ತೋರಿಸುವ ಸಾಧನ) ಅದ್ದಿ ಸಾಫ್ಟನರ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಹೇಳಲು ಬರುವುದಿಲ್ಲ. ಸಾಫ್ಟನರ್ ಲವಣವನ್ನು ತೆಗೆಯುವುದಿಲ್ಲ, ಬದಲಾಯಿಸುತ್ತದೆ. ಒಂದು ಕ್ಯಾಲ್ಸಿಯಂ ಹೋದಲ್ಲಿ ಎರಡು ಸೋಡಿಯಂ ಬರುತ್ತವೆ, ತೂಕದಲ್ಲಿ 40ರ ಜಾಗಕ್ಕೆ 46. ಹಾಗಾಗಿ ಟಿಡಿಎಸ್ ಇದ್ದಷ್ಟೇ ಇರುತ್ತದೆ ಅಥವಾ ಕೂದಲೆಳೆಯಷ್ಟು ಏರುತ್ತದೆ. ಮೀಟರಿನಲ್ಲಿ ಸಂಖ್ಯೆ ಇಳಿಯಲಿಲ್ಲ ಎಂದು ಒಳ್ಳೆಯ ಮೆಷೀನನ್ನು ವಾಪಸ್ ಕಳಿಸಿದವರಿದ್ದಾರೆ.

ಸಿಲಿಂಡರ್ ಒಳಗೆ ನಡೆಯುವುದೇನು

ಎತ್ತರದ ಆ ಸಿಲಿಂಡರಿನಲ್ಲಿ ತುಂಬಿರುವುದು ರೆಸಿನ್: ಗಸಗಸೆಯಷ್ಟು ಸಣ್ಣ, ಜೇನುಬಣ್ಣದ ಪ್ಲಾಸ್ಟಿಕ್ ಮಣಿಗಳು. ಪಾಲಿಸ್ಟೈರೀನ್‌ನಿಂದ ಮಾಡಿದ ಈ ಮಣಿಗಳ ಮೈತುಂಬ ಋಣ ವಿದ್ಯುದಂಶವಿರುವ ತಾಣಗಳಿರುತ್ತವೆ, ಅವಕ್ಕೆ ಸೋಡಿಯಂ ಅಂಟಿಕೊಂಡಿರುತ್ತದೆ. ಗಡಸು ನೀರು ಹಾದುಹೋಗುವಾಗ ಎರಡು ಧನಾಂಶ ಹೊತ್ತ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ರೆಸಿನ್ ಹೆಚ್ಚು ಬಿಗಿಯಾಗಿ ಹಿಡಿದುಕೊಂಡು ಸೋಡಿಯಂ ಅನ್ನು ಬಿಟ್ಟುಕೊಡುತ್ತದೆ. ತಾಣಗಳೆಲ್ಲ ಭರ್ತಿಯಾದ ಮೇಲೆ ಗಡಸು ನೀರು ಗಡಸಾಗಿಯೇ ಹೊರಬರುತ್ತದೆ. ಆಗ ಸುಮಾರು ಶೇ. 10ರ ಉಪ್ಪುನೀರನ್ನು ಹರಿಸಿದರೆ, ಸೋಡಿಯಂನ ಸಂಖ್ಯಾಬಲಕ್ಕೆ ಮಣಿದು ಕ್ಯಾಲ್ಸಿಯಂ ಜಾಗ ಖಾಲಿಮಾಡಿ ಚರಂಡಿಗೆ ಹೋಗುತ್ತದೆ. ಇದಕ್ಕೆ ರೀಜನರೇಷನ್ ಎನ್ನುತ್ತಾರೆ. ರೆಸಿನ್ ಖರ್ಚಾಗುವುದಿಲ್ಲ, ಉಪ್ಪು ಖರ್ಚಾಗುತ್ತದೆ.

ಒಂದು ಲೀಟರ್ ರೆಸಿನ್ ಎಷ್ಟು ಗಡಸನ್ನು ಹಿಡಿಯುತ್ತದೆ ಎನ್ನುವುದು ನಾವು ಕೊಡುವ ಉಪ್ಪಿನ ಮೇಲೆ ನಿಂತಿದೆ. ಲೀಟರಿಗೆ ಸುಮಾರು 120 ಗ್ರಾಂ ಉಪ್ಪು ಕೊಟ್ಟರೆ 50 ಗ್ರಾಂ ಗಡಸು ಹಿಡಿಯುತ್ತದೆ ಎಂದಿಟ್ಟುಕೊಳ್ಳಬಹುದು. ಉಪ್ಪನ್ನು ದುಪ್ಪಟ್ಟು ಮಾಡಿದರೆ ಸಾಮರ್ಥ್ಯ ದುಪ್ಪಟ್ಟಾಗುವುದಿಲ್ಲ. ಕೊನೆಯ ಕೆಲವು ಗ್ರಾಂ ಬಿಡಿಸಲು ಅತಿ ಹೆಚ್ಚು ಉಪ್ಪು ಬೇಕು. ಜಾಹೀರಾತಿನ ದೊಡ್ಡ ಸಂಖ್ಯೆಗಳು ಬರುವುದು ಇಲ್ಲಿಂದಲೇ. ಆಮದು ಮೆಷೀನಿನ ಮೇಲೆ 32,000 ಗ್ರೇನ್ ಎಂದಿದ್ದರೆ ಅದು ಸುಮಾರು ಎರಡು ಕಿಲೋ ಗಡಸು, ಅದೂ ರೆಸಿನ್‌ಗೆ ಉಪ್ಪನ್ನು ಧಾರಾಳವಾಗಿ ಸುರಿದಾಗ. ಮಿತವಾಗಿ ಉಪ್ಪು ಬಳಸಿದರೆ ಅದೇ ಮೆಷೀನು ಮೂರನೇ ಎರಡು ಭಾಗದಷ್ಟು ಮಾತ್ರ ಕೊಡುತ್ತದೆ.

ಎಷ್ಟು ದೊಡ್ಡದು ಬೇಕು

ತಲೆಗೆ ದಿನಕ್ಕೆ 135 ಲೀಟರ್ ಎನ್ನುವುದು ನಮ್ಮಲ್ಲಿ ರೂಢಿಯಲ್ಲಿರುವ ಸರಕಾರಿ ಮಾನದಂಡ. ನಾಲ್ಕು ಜನಕ್ಕೆ 540 ಲೀಟರ್. ಗಡಸುತನ 500 ಇದ್ದರೆ ಪ್ರತಿ ಲೀಟರಿಗೆ ಅರ್ಧ ಗ್ರಾಂ, ದಿನಕ್ಕೆ 270 ಗ್ರಾಂ.

ಅಂಗಡಿಯವರು ಸಿಲಿಂಡರನ್ನು ಇಂಚಿನಲ್ಲಿ ಹೇಳುತ್ತಾರೆ. 10×54 ಅಂದರೆ ವ್ಯಾಸ 10 ಇಂಚು, ಎತ್ತರ 54 ಇಂಚು. ಅದರಲ್ಲಿ ಸುಮಾರು 40 ಲೀಟರ್ ರೆಸಿನ್ ಹಿಡಿಸಿ, ಮೇಲೆ ಮೂರನೇ ಒಂದರಷ್ಟು ಜಾಗ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗ ಬೇಕೇ ಬೇಕು, ಬ್ಯಾಕ್‌ವಾಶ್ ಮಾಡುವಾಗ, ಅಂದರೆ ನೀರನ್ನು ಕೆಳಗಿನಿಂದ ಮೇಲಕ್ಕೆ ಹರಿಸಿ ತೊಳೆಯುವಾಗ, ರೆಸಿನ್ ಉಬ್ಬಿ ಕೊಳೆ ಬಿಡುವುದು ಅಲ್ಲೇ. ನಲವತ್ತು ಲೀಟರ್ ರೆಸಿನ್ ಎರಡು ಕಿಲೋ ಗಡಸು ಹಿಡಿಯುತ್ತದೆ, ಅಂದರೆ 4,000 ಲೀಟರ್ ನೀರು, ಏಳು ದಿನದ ಬಳಕೆ. ವಾರಕ್ಕೊಂದು ರೀಜನರೇಷನ್, ಪ್ರತಿ ಸಲ ಐದು ಕಿಲೋಗೆ ಸ್ವಲ್ಪ ಕಡಿಮೆ ಉಪ್ಪು, ತಿಂಗಳಿಗೆ ಸುಮಾರು 20 ಕಿಲೋ.

ಈಗ 25 ಲೀಟರ್ ರೆಸಿನ್‌ನ ಚಿಕ್ಕ ಮೆಷೀನು ತೆಗೆದುಕೊಂಡರೆ? ನಾಲ್ಕೂವರೆ ದಿನಕ್ಕೊಮ್ಮೆ ರೀಜನರೇಷನ್, ಪ್ರತಿ ಸಲ ಮೂರು ಕಿಲೋ, ತಿಂಗಳಿಗೆ ಮತ್ತೆ ಅದೇ 20 ಕಿಲೋ. ಉಪ್ಪಿನ ಖರ್ಚನ್ನು ನಿರ್ಧರಿಸುವುದು ನೀರಿನ ಗಡಸು, ಮೆಷೀನಿನ ಗಾತ್ರ ಅಲ್ಲ. ದೊಡ್ಡದು ತಗೊಂಡರೆ ಉಪ್ಪು ಜಾಸ್ತಿ ತಿನ್ನುತ್ತದೆ ಎಂಬ ಹೆದರಿಕೆಯಿಂದ ಚಿಕ್ಕದು ಕೊಂಡು ಜನ ಕಳೆದುಕೊಳ್ಳುವುದು ನೀರಿನ ಹರಿವನ್ನು. ಒಂದು ಗಾತ್ರ ದೊಡ್ಡದು ತೆಗೆದುಕೊಳ್ಳಿ ಎನ್ನುವುದು ನನ್ನ ಖಚಿತ ಸಲಹೆ.

ಇದೇ ಲೆಕ್ಕವನ್ನು ವಾಷಿಂಗ್ ಮೆಷೀನಿಗೆ, ನಲ್ಲಿಗೆ ಸಿಕ್ಕಿಸುವ ಚಿಕ್ಕ ಸಾಫ್ಟನರ್‌ಗಳ ಮೇಲೆ ಹಾಕಿ ನೋಡಿ. ಒಂದು ಲೀಟರ್ ರೆಸಿನ್ ಇದ್ದರೆ 50 ಗ್ರಾಂ ಗಡಸು, 500ರ ನೀರಿನಲ್ಲಿ ಅದು ಬರೀ 100 ಲೀಟರ್. ಟಾಪ್ ಲೋಡ್ ಮೆಷೀನಿನ ಒಂದು ಒಗೆತಕ್ಕೇ ಅದು ಮುಗಿದುಹೋಗಬಹುದು. ಪ್ರತಿ ಸಲ ಉಪ್ಪುನೀರು ಹಾಕುವ ತಾಳ್ಮೆ ಇದ್ದವರಿಗೆ ಸರಿ, ಉಳಿದವರ ಮನೆಯಲ್ಲಿ ಎರಡನೇ ವಾರದಿಂದ ಅದು ಅಲಂಕಾರಕ್ಕೆ ಇರುತ್ತದೆ. ಶವರಿಗೆ ಸಿಕ್ಕಿಸುವ ಫಿಲ್ಟರ್‌ಗಳ ಕತೆ ಇನ್ನೂ ಚಿಕ್ಕದು. ಅಷ್ಟು ಸಣ್ಣ ಡಬ್ಬಿಯಲ್ಲಿ ಗಡಸು ತೆಗೆಯುವಷ್ಟು ರೆಸಿನ್ ಹಿಡಿಸಲು ಜಾಗವೇ ಇಲ್ಲ. ಪೈಪಿಗೆ ಕಟ್ಟುವ ಅಯಸ್ಕಾಂತ ಮತ್ತು ಎಲೆಕ್ಟ್ರಾನಿಕ್ ಸುರುಳಿಗಳು ನೀರಿನಿಂದ ಕ್ಯಾಲ್ಸಿಯಂ ತೆಗೆಯುವುದೇ ಇಲ್ಲ. ಅವನ್ನು ಸಾಫ್ಟನರ್ ಎಂದು ಮಾರುವುದು ನನಗೆ ಒಪ್ಪಿಗೆಯಿಲ್ಲ.

ಎಲ್ಲ ನೀರನ್ನೂ ಮೆದು ಮಾಡಬೇಕಾಗಿಲ್ಲ ಎಂಬುದೂ ನೆನಪಿರಲಿ. ಆ 135 ಲೀಟರನ್ನು ಬಿಡಿಸಿದರೆ ಸ್ನಾನಕ್ಕೆ 55, ಬಟ್ಟೆಗೆ 20, ಪಾತ್ರೆಗೆ 10. ಫ್ಲಶ್‌ಗೇ 30, ಮನೆ ಒರೆಸಲು 10, ಅಡುಗೆಗೆ ಮತ್ತು ಕುಡಿಯಲು ತಲಾ 5. ಗಡಸು ಕಾಡುವುದು ಮೊದಲ ಮೂರರಲ್ಲಿ. ಬೋರಿಗೊಂದು, ಕಾವೇರಿಗೊಂದು ಎಂದು ಎರಡು ಟ್ಯಾಂಕ್ ಇಟ್ಟ ಮನೆಗಳು ಬೇಕಾದಷ್ಟಿವೆ. ಫ್ಲಶ್ಶಿಗೂ ಮನೆ ಒರೆಸಲೂ ಗಿಡಗಳಿಗೂ ಗಡಸು ನೀರಿನ ಲೈನನ್ನೇ ಉಳಿಸಿಕೊಂಡು, ಅಡುಗೆಗೂ ಕುಡಿಯಲೂ ಬೇರೆ ನೀರು ಬಳಸಿದರೆ ದಿನದ ಹೊರೆ 270 ಗ್ರಾಂನಿಂದ 170ಕ್ಕೆ ಇಳಿಯುತ್ತದೆ. ಗಿಡಗಳಿಗೆ ಮೆದು ನೀರು ಹಾಕಲೂಬಾರದು, ಸೋಡಿಯಂ ಮಣ್ಣನ್ನು ಗಟ್ಟಿ ಮಾಡುತ್ತದೆ.

ಹರಿವು ಎಲ್ಲಿ ಕಳೆದುಹೋಗುತ್ತದೆ

ಈಗ ಶವರಿಗೆ ಬರೋಣ. ಹತ್ತು ಮೀಟರ್ ಎತ್ತರದ ನೀರು ಒಂದು ಬಾರ್ ಒತ್ತಡ ಕೊಡುತ್ತದೆ. ನಮ್ಮ ಮನೆಯ ಮೇಲಿನ ಮಹಡಿಯ ಶವರಿಗೂ ತಾರಸಿ ಟ್ಯಾಂಕಿನ ನೀರಿಗೂ ನಡುವೆ ಇರುವುದು ಎರಡು ಮೂರು ಮೀಟರ್, ಅಂದರೆ 0.2ರಿಂದ 0.3 ಬಾರ್. ಸಾಫ್ಟನರ್ ತಯಾರಕರು ಮೆಷೀನಿನ ಹರಿವನ್ನು ಹೇಳುವಾಗ ರೂಢಿಯಾಗಿ ಹಿಡಿಯುವುದು 15 ಪಿಎಸ್‌ಐ, ಅಂದರೆ ಸುಮಾರು ಒಂದು ಬಾರ್ ಒತ್ತಡ ಮೆಷೀನಿನೊಳಗೇ ಖರ್ಚಾಗುವ ಹರಿವನ್ನು. ಕಾಗದದ ಮೇಲೆ ನಿಮಿಷಕ್ಕೆ 25 ಲೀಟರ್ ಎಂದಿರುತ್ತದೆ. ಅದಕ್ಕೆ ಹತ್ತು ಮೀಟರ್ ನೀರಿನ ಎತ್ತರ ಬೇಕು, ನಮ್ಮಲ್ಲಿರುವುದು ಎರಡೂವರೆ. ಅಷ್ಟರಲ್ಲೇ ಪೈಪು, ಎಲ್ಬೋ, ಡೈವರ್ಟರ್, ಶವರ್‌ನ ತೂತುಗಳು, ಇವೆಲ್ಲಕ್ಕೂ ಪಾಲು ಹೋಗಬೇಕು. ಉಳಿದದ್ದರಲ್ಲಿ ಎಷ್ಟು ಹರಿಯುತ್ತದೋ ಅಷ್ಟೇ ಬರುತ್ತದೆ. ಮೆಷೀನಿನ ದೋಷ ಇಲ್ಲಿ ಏನೂ ಇಲ್ಲ.

ಎರಡನೇ ಮಿತಿ ರೆಸಿನ್‌ನದ್ದು. ಅದಲುಬದಲಿಗೆ ಸಮಯ ಬೇಕು. ಗಂಟೆಗೆ ರೆಸಿನ್‌ನ ಪ್ರಮಾಣದ ನಲವತ್ತು ಪಟ್ಟಿಗಿಂತ ಹೆಚ್ಚು ನೀರು ಹರಿಸಿದರೆ ಗಡಸು ನುಸುಳಲು ಶುರುವಾಗುತ್ತದೆ ಎನ್ನುವುದು ಹಳೆಯ, ನಂಬಿಕೆಗೆ ಅರ್ಹವಾದ ಅಂದಾಜು. 25 ಲೀಟರ್ ರೆಸಿನ್‌ಗೆ ಗಂಟೆಗೆ 1,000 ಲೀಟರ್, ನಿಮಿಷಕ್ಕೆ 16-17. 40 ಲೀಟರಿಗೆ ಗಂಟೆಗೆ 1,600, ನಿಮಿಷಕ್ಕೆ 26-27. ಬೆಳಿಗ್ಗೆ ಎರಡು ಶವರ್, ಅಡುಗೆಮನೆ ನಲ್ಲಿ, ವಾಷಿಂಗ್ ಮೆಷೀನು ಒಟ್ಟಿಗೆ ತೆರೆದರೆ ನಿಮಿಷಕ್ಕೆ 25 ಲೀಟರ್ ದಾಟುವುದು ಕಷ್ಟವಲ್ಲ. ಒಂದೇ ಪ್ರಮಾಣದ ರೆಸಿನ್ ಅಗಲವಾದ ಸಿಲಿಂಡರಿನಲ್ಲಿದ್ದರೆ ನೀರು ನಿಧಾನವಾಗಿ ಇಳಿಯುತ್ತದೆ, ಒತ್ತಡವೂ ಕಡಿಮೆ ಖರ್ಚಾಗುತ್ತದೆ. ಕಿರಿದಾದ ಉದ್ದ ಸಿಲಿಂಡರ್ ಮೂಲೆಯಲ್ಲಿ ಚೆನ್ನಾಗಿ ಕೂರುತ್ತದೆ, ಆದರೆ ಹರಿವಿಗೆ ಒಳ್ಳೆಯದಲ್ಲ.

ಹಾಗಾದರೆ ಎಲ್ಲಿ ಇಡಬೇಕು? ಸಂಪಿನಿಂದ ತಾರಸಿಗೆ ನೀರೇರಿಸುವ ಪಂಪಿನ ಲೈನಿನಲ್ಲಿ, ಪಂಪಿನ ನಂತರ, ಟ್ಯಾಂಕಿಗೆ ಮೊದಲು. ಅಲ್ಲಿ ಒತ್ತಡಕ್ಕೆ ಬರವಿಲ್ಲ. ಪಂಪು ಹತ್ತು ಹನ್ನೆರಡು ಮೀಟರ್ ಎತ್ತರಕ್ಕೆ ಹೇಗೂ ತಳ್ಳುತ್ತಿದೆ, ಇನ್ನೊಂದು ಐದು ಮೀಟರಿನಷ್ಟು ತಡೆ ಅದಕ್ಕೆ ದೊಡ್ಡದಲ್ಲ. ಮೆದುವಾದ ನೀರು ಟ್ಯಾಂಕಿನಲ್ಲಿ ಕಾದಿರುತ್ತದೆ. ಟ್ಯಾಂಕಿನಿಂದ ಶವರಿಗೆ ಹೋಗುವ ದಾರಿಯಲ್ಲಿ ಏನನ್ನೂ ಸೇರಿಸಿಲ್ಲವಾದ್ದರಿಂದ ಹರಿವು ಮೊದಲು ಎಷ್ಟಿತ್ತೋ ಅಷ್ಟೇ. ಬೆಳಿಗ್ಗೆಯ ನೂಕುನುಗ್ಗಲನ್ನು ಟ್ಯಾಂಕು ಹೊತ್ತುಕೊಳ್ಳುತ್ತದೆ, ಸಾಫ್ಟನರ್ ತನ್ನ ಪಾಡಿಗೆ ನಿಧಾನವಾಗಿ ಕೆಲಸ ಮಾಡಬಹುದು. ತಾರಸಿ ಟ್ಯಾಂಕ್ ಇರುವ ನಮ್ಮ ಮನೆಗಳಿಗೆ ಸಹಜವಾಗಿ ಒದಗಿಬಂದ ಅನುಕೂಲ ಇದು. ಅದನ್ನು ಬಿಟ್ಟು ಟ್ಯಾಂಕಿನ ಕೆಳಗೆ ಸಾಫ್ಟನರ್ ಹಾಕಿ, ಹೋದ ಒತ್ತಡ ತರಲು ಪ್ರೆಷರ್ ಪಂಪ್ ಮಾರುವುದನ್ನು ಕಂಡಾಗ ಬೇಸರವಾಗುತ್ತದೆ.

ಪಂಪಿನ ಲೈನಿನಲ್ಲೂ ಜಾಗ್ರತೆ ಬೇಕು. ಅರ್ಧ ಎಚ್‌ಪಿ, ಒಂದು ಎಚ್‌ಪಿ ಮಾನೊಬ್ಲಾಕ್‌ಗಳು ಗಂಟೆಗೆ ಎರಡು ಸಾವಿರ ಲೀಟರ್ ಮೀರಿ ತಳ್ಳಬಲ್ಲವು. ಸಾಫ್ಟನರಿನ ಹೊರದಾರಿಯಲ್ಲಿ ಒಂದು ವಾಲ್ವ್ ಇಟ್ಟು ಅದನ್ನು ಸ್ವಲ್ಪ ತಿರುಗಿಸಿ, ರೆಸಿನ್ ತಾಳುವಷ್ಟಕ್ಕೆ ಹರಿವನ್ನು ಕಟ್ಟಬೇಕು. ಅಳೆಯಲು ತಾರಸಿಗೆ ಹೋಗಿ ಟ್ಯಾಂಕಿಗೆ ಬೀಳುವ ನೀರನ್ನು 20 ಲೀಟರಿನ ಬಕೆಟಿಗೆ ಹಿಡಿಯಿರಿ: 45 ಸೆಕೆಂಡಿಗೆ ತುಂಬಿದರೆ ಗಂಟೆಗೆ 1,600. ಅದಕ್ಕಿಂತ ಬೇಗ ತುಂಬಿದರೆ ವಾಲ್ವ್ ಇನ್ನಷ್ಟು ತಿರುಗಿಸಿ. ಸಾವಿರ ಲೀಟರಿನ ಟ್ಯಾಂಕು 40 ನಿಮಿಷದಲ್ಲಿ ತುಂಬುತ್ತದೆ, ಅದಕ್ಕಿಂತ ಅವಸರ ಯಾರಿಗೂ ಇಲ್ಲ.

ಬೋರ್ ಮೋಟರಿನಿಂದ ನೇರವಾಗಿ ಸಾಫ್ಟನರಿಗೆ ಕೊಡಬೇಡಿ. ಮೊದಲು ಸಂಪಿಗೆ ಬಿಟ್ಟು ಮರಳು, ಕೆಸರು ಕೂರಲಿ. ಪಂಪಿನ ಹೀರುವ ಬದಿಯಲ್ಲಿ ಸಾಫ್ಟನರನ್ನು ಯಾವ ಕಾರಣಕ್ಕೂ ಇಡಕೂಡದು. ಫೈಬರ್ ಸಿಲಿಂಡರುಗಳು ಒಳಗಿನ ಒತ್ತಡವನ್ನು ತಾಳುವಂತೆ ಮಾಡಿದವು, ನಿರ್ವಾತಕ್ಕೆ ಕುಸಿಯುತ್ತವೆ. ಪೈಪು ಒಂದು ಇಂಚಿನದೇ ಇರಲಿ. ಪೈಪಿನ ವ್ಯಾಸ ಅರ್ಧಕ್ಕೆ ಇಳಿದರೆ ಅದೇ ಹರಿವಿಗೆ ಆಗುವ ಒತ್ತಡದ ನಷ್ಟ ಸುಮಾರು 32 ಪಟ್ಟು ಏರುತ್ತದೆ. ಸಾಫ್ಟನರನ್ನು ಅವಸರದಲ್ಲಿ ಜೋಡಿಸುವಾಗ ಬಳಸುವ ತೆಳ್ಳನೆಯ ಫ್ಲೆಕ್ಸಿಬಲ್ ಹೋಸ್ ಒಂದೇ ಸಾಕು, ಒಳ್ಳೆಯ ಪೈಪಿಂಗನ್ನೆಲ್ಲ ವ್ಯರ್ಥ ಮಾಡಲು.

ಅಪಾರ್ಟ್‌ಮೆಂಟಿನಲ್ಲಿ ಒಂದೊಂದು ಫ್ಲ್ಯಾಟಿಗೆ ಈ ಆಯ್ಕೆ ಇರುವುದಿಲ್ಲ. ಅಲ್ಲಿ ಎಷ್ಟನೇ ಮಹಡಿ ಎನ್ನುವುದೇ ಎಲ್ಲ. ತಲೆಯ ಮೇಲೆ ಏಳು ಮಹಡಿ ಇದ್ದರೆ ಎರಡು ಬಾರ್ ಒತ್ತಡ ಇರುತ್ತದೆ, ಸಾಫ್ಟನರ್ ನಿರಾಳವಾಗಿ ಓಡುತ್ತದೆ. ಕೊನೆಯ ಎರಡು ಮಹಡಿಯವರಿಗೆ ಪ್ರೆಷರ್ ಪಂಪ್ ಬೇಕಾಗುತ್ತದೆ, ಸಾಫ್ಟನರ್ ಅದರ ನಂತರ ಬರಬೇಕು ಮತ್ತು ಬೆಳಗಿನ ಗರಿಷ್ಠ ಹರಿವನ್ನು ತಾಳುವಷ್ಟು ದೊಡ್ಡದಿರಬೇಕು.

ಆಟೊಮ್ಯಾಟಿಕ್ ವಾಲ್ವ್ ಮತ್ತು ನಡುರಾತ್ರಿಯ ಸಮಸ್ಯೆ

"ಉಪ್ಪು ಹಾಗೇ ಇದೆ, ನೀರು ಮಾತ್ರ ಗಡಸು" ಎನ್ನುವ ದೂರಿಗೆ ಕಾರಣ ಒತ್ತಡವೇ. ಉಪ್ಪುನೀರನ್ನು ತೊಟ್ಟಿಯಿಂದ ಎಳೆಯುವುದು ವಾಲ್ವಿನೊಳಗಿನ ಇಂಜೆಕ್ಟರ್. ಕಿರಿದಾದ ರಂಧ್ರದಲ್ಲಿ ನೀರು ರಭಸವಾಗಿ ಹಾದಾಗ ಉಂಟಾಗುವ ಹೀರುವಿಕೆ ಅದು. ಬಹುತೇಕ ಆಟೊಮ್ಯಾಟಿಕ್ ವಾಲ್ವ್‌ಗಳಿಗೆ ಇದಕ್ಕೆ ಕನಿಷ್ಠ ಒಂದೂವರೆ ಬಾರ್ ಬೇಕು. ತಾರಸಿ ಟ್ಯಾಂಕಿನ ಕಾಲು ಬಾರ್‌ನಲ್ಲಿ ಪರದೆಯ ಮೇಲೆ ಎಲ್ಲ ಹಂತಗಳೂ ಒಂದಾದಮೇಲೊಂದು ಮುಗಿಯುತ್ತವೆ, ಉಪ್ಪುನೀರು ಮಾತ್ರ ಒಂದು ಹನಿಯೂ ಒಳಗೆ ಹೋಗಿರುವುದಿಲ್ಲ.

ಪಂಪಿನ ಲೈನಿನಲ್ಲಿ ಇಟ್ಟವರಿಗೆ ಬೇರೆ ತೊಡಕು. ವಾಲ್ವ್‌ಗಳು ಸಾಮಾನ್ಯವಾಗಿ ರಾತ್ರಿ ಎರಡು ಗಂಟೆಗೆ ರೀಜನರೇಷನ್‌ಗೆ ಹೊಂದಿಸಿಕೊಂಡು ಬರುತ್ತವೆ, ಆಗ ಪಂಪ್ ಓಡುತ್ತಿರುವುದಿಲ್ಲ. ಹಗಲಿಗೆ ಬದಲಾಯಿಸಿಕೊಂಡರೂ ಇನ್ನೊಂದಿದೆ: ರೀಜನರೇಷನ್ ನಡೆಯುವ ಒಂದು ಒಂದೂವರೆ ಗಂಟೆ ಹೊತ್ತು ಹೆಚ್ಚಿನ ಆಟೊಮ್ಯಾಟಿಕ್ ವಾಲ್ವ್‌ಗಳು ಗಡಸು ನೀರನ್ನೇ ಮುಂದಕ್ಕೆ ಬಿಡುತ್ತವೆ, ಟ್ಯಾಂಕಿಗೆ ಅದೇ ತುಂಬುತ್ತದೆ. ಆ ಹೊತ್ತು ಟ್ಯಾಂಕಿಗೆ ಹೋಗುವ ವಾಲ್ವನ್ನು ಮುಚ್ಚಿಡಬೇಕು, ಪಂಪಿನಿಂದ ಸಂಪಿಗೇ ಮರಳುವ ಒಂದು ಸಣ್ಣ ಲೈನ್ ತೆರೆದಿಡಬೇಕು, ಇಲ್ಲವಾದರೆ ಕಡಿಮೆ ಹರಿವಿನಲ್ಲಿ ಪಂಪು ಬಿಸಿಯಾಗುತ್ತದೆ.

ಈ ಕಾರಣಕ್ಕೇ ಪಂಪಿನ ಲೈನಿಗೆ ನಾನು ಮೆಚ್ಚುವುದು ಹಿಡಿಕೆ ತಿರುಗಿಸುವ ಹಳೆಯ ಮ್ಯಾನುಯಲ್ ಮಲ್ಟಿಪೋರ್ಟ್ ವಾಲ್ವನ್ನು. ಭಾನುವಾರ ಬೆಳಿಗ್ಗೆ ಪಂಪ್ ಹಾಕಿ, ಹಿಡಿಕೆಯನ್ನು ಬ್ಯಾಕ್‌ವಾಶ್‌ಗೆ ತಿರುಗಿಸಿ ಚರಂಡಿಯ ನೀರು ತಿಳಿಯಾಗುವವರೆಗೆ ಹತ್ತು ನಿಮಿಷ, ಆಮೇಲೆ ಉಪ್ಪುನೀರು ಎಳೆಯುವ ಹಂತ ಅರ್ಧ ಗಂಟೆ, ಆಮೇಲೆ ತೊಳೆಯುವುದು. ಉಪ್ಪಿನ ತೊಟ್ಟಿಯಲ್ಲಿ ನೀರಿನ ಮಟ್ಟ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಇಳಿಯದಿದ್ದರೆ ಇಂಜೆಕ್ಟರ್ ಕಟ್ಟಿಕೊಂಡಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಕೊನೆಯಲ್ಲಿ ಚರಂಡಿಗೆ ಬರುವ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಉಪ್ಪು ಇಲ್ಲವೆಂದರೆ ಮುಗಿಯಿತು. ವಾರಕ್ಕೊಂದು ಗಂಟೆ ಕೊಡಲು ಆಗದವರು, ವಯಸ್ಸಾದವರಿರುವ ಮನೆಯವರು ಪ್ರೆಷರ್ ಪಂಪಿನ ನಂತರ ಆಟೊಮ್ಯಾಟಿಕ್ ಹಾಕಿಸಲಿ. ಹಾಗೆ ಹಾಕಿಸುವಾಗ ದಿನ ಎಣಿಸುವ ಟೈಮರ್ ಬೇಡ, ಹರಿದ ಲೀಟರ್ ಎಣಿಸುವ ಮೀಟರ್ ವಾಲ್ವೇ ಬೇಕು. ಊರಿಗೆ ಹೋದ ವಾರವೂ ಟೈಮರ್ ಐದು ಕಿಲೋ ಉಪ್ಪನ್ನು ಚರಂಡಿಗೆ ಕಳಿಸುತ್ತದೆ.

ಉಪ್ಪು ಹರಳಿರಲಿ ಅಥವಾ ಸಾಫ್ಟನರ್‌ಗೆಂದೇ ಮಾಡಿದ ಗುಳಿಗೆಯಿರಲಿ. ಕಲ್ಲುಪ್ಪು ನಡೆಯುತ್ತದೆ, ಆದರೆ ಅದರೊಂದಿಗೆ ಬರುವ ಮಣ್ಣು ತೊಟ್ಟಿಯ ತಳಕ್ಕೆ ಕೂತು ಇಂಜೆಕ್ಟರಿನ ಸಣ್ಣ ಜಾಲರಿಯನ್ನು ಮುಚ್ಚುತ್ತದೆ, ಹಾಗಾಗಿ ಆಗಾಗ ತೊಟ್ಟಿ ತೊಳೆಯಬೇಕು. ಅಡುಗೆಯ ಪುಡಿ ಉಪ್ಪು ಹೆಪ್ಪುಗಟ್ಟಿ ಮೇಲೆ ಗಟ್ಟಿ ಪದರವಾಗಿ ನಿಲ್ಲುತ್ತದೆ, ಕೆಳಗೆ ಬರೀ ನೀರು. ನೋಡುವವರಿಗೆ ತೊಟ್ಟಿ ತುಂಬ ಉಪ್ಪು.

ಕುಡಿಯಲು?

500 ಗಡಸನ್ನು ಪೂರ್ತಿ ತೆಗೆದರೆ ಲೀಟರಿಗೆ ಸುಮಾರು 230 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಬಿಪಿ, ಕಿಡ್ನಿ ತೊಂದರೆಗೆ ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರ್ ಹೇಳಿದವರ ಮನೆಯಲ್ಲಿ ಇದು ಉಪೇಕ್ಷಿಸುವ ವಿಷಯವಲ್ಲ. ಕುಡಿಯಲು, ಅಡುಗೆಗೆ ಆರ್‌ಒ ನೀರು ಅಥವಾ ಕಾವೇರಿ ಲೈನ್ ಬೇರೆ ಇರಲಿ. ಆರ್‌ಒ ಸೋಡಿಯಂ ಅನ್ನೂ ತೆಗೆಯುತ್ತದೆ, ಮೆದು ನೀರು ಕೊಟ್ಟರೆ ಅದರ ಮೆಂಬ್ರೇನೂ ಹೆಚ್ಚು ಬಾಳುತ್ತದೆ. ಗಡಸು ನೀರಿನಲ್ಲಿ ತೊಗರಿಬೇಳೆ ಬೇಯದೆ ಸತಾಯಿಸುವುದೂ ಇದರಿಂದ ತಪ್ಪುತ್ತದೆ; ಬೇಳೆಯ ಪೆಕ್ಟಿನ್‌ಗೆ ಕ್ಯಾಲ್ಸಿಯಂ ಸೇರಿ ತಿರುಳು ಗಟ್ಟಿಯಾಗುವುದು ಆ ತೊಂದರೆಯ ಮೂಲ. ಕೋಲಾರ, ಚಿಕ್ಕಬಳ್ಳಾಪುರ ಕಡೆಯವರಿಗೆ ಒತ್ತಿ ಹೇಳಬೇಕಾದ ಮಾತು: ಸಾಫ್ಟನರ್ ಫ್ಲೋರೈಡನ್ನು ತೆಗೆಯುವುದಿಲ್ಲ, ನೈಟ್ರೇಟನ್ನೂ ತೆಗೆಯುವುದಿಲ್ಲ.

ಸ್ನಾನಕ್ಕೆ ಗಡಸು ಸೊನ್ನೆಯಾಗಬೇಕಿಲ್ಲ. 75ರ ಆಸುಪಾಸಿದ್ದರೆ ಸೋಪು, ಗೀಸರ್, ಸೋಲಾರ್ ಎಲ್ಲಕ್ಕೂ ನೆಮ್ಮದಿ. ಸಾಫ್ಟನರಿನೊಳಗೆ ಹೋಗದೆ ನೀರು ನೇರವಾಗಿ ದಾಟುವ ಬೈಪಾಸ್ ವಾಲ್ವನ್ನು ಸ್ವಲ್ಪ ತೆರೆದು ಶೇ. 15ರಷ್ಟು 500ರ ನೀರನ್ನು ಬೆರೆಸಿದರೆ ಅಷ್ಟಕ್ಕೆ ಬರುತ್ತದೆ. ಶೇ. 15ರಷ್ಟು ಉಪ್ಪು ಉಳಿಯುತ್ತದೆ, ಸೋಡಿಯಂ ಕಡಿಮೆ, ಮೆದು ನೀರಿನ ಸ್ನಾನದಲ್ಲಿ ಮೈ ಜಾರುವ ಅನುಭವ ಇಷ್ಟವಾಗದವರಿಗೂ ಸಮಾಧಾನ.

ವರ್ಷಗಳ ನಂತರ ಹರಿವು ಕಡಿಮೆಯಾದರೆ

ಮೊದಲು ಸಾಫ್ಟನರನ್ನು ಬೈಪಾಸ್‌ಗೆ ಹಾಕಿ. ಹರಿವು ಮರಳಿತೇ? ಇಲ್ಲವೆಂದರೆ ದೋಷ ಬೇರೆಡೆ ಇದೆ. ಬಿಸಿನೀರು ಮಾತ್ರ ಸಣ್ಣಗೆ ಬರುತ್ತಿದ್ದರೆ ಸಾಫ್ಟನರ್ ಬರುವ ಮೊದಲೇ ಗೀಸರಿನಲ್ಲೋ ಸೋಲಾರ್ ಟ್ಯೂಬಿನಲ್ಲೋ ಕಟ್ಟಿದ ಸುಣ್ಣದ ಚೂರುಗಳು ದಾರಿಗೆ ಅಡ್ಡ ಬಂದಿರುತ್ತವೆ.

ಬೈಪಾಸಿನಲ್ಲಿ ಹರಿವು ಮರಳಿದರೆ ಸಾಫ್ಟನರಿಗೆ ಮುಂಚೆ ಇರುವ, ಮರಳು ಕೆಸರು ತಡೆಯುವ ಸೆಡಿಮೆಂಟ್ ಫಿಲ್ಟರ್ ನೋಡಿ, ಅದೂ ಬೈಪಾಸಿನ ವ್ಯಾಪ್ತಿಯಲ್ಲೇ ಇದ್ದರೆ. ಹತ್ತರಲ್ಲಿ ಹೆಚ್ಚಿನ ಸಲ ತಪ್ಪಿತಸ್ಥ ಅದೇ. ಅದರ ಹಿಂದೆ ಮುಂದೆ ಒಂದೊಂದು ಪ್ರೆಷರ್ ಗೇಜ್ ಹಾಕಿಸಿದ್ದರೆ ಎರಡರ ಅಂತರ ಏರುತ್ತಿದ್ದಂತೆ ಕಾರ್ಟ್ರಿಡ್ಜ್ ಬದಲಿಸುವ ಹೊತ್ತು ತಿಳಿಯುತ್ತದೆ. ಸಣ್ಣ ಹತ್ತಿಂಚಿನ ಫಿಲ್ಟರ್ ಬದಲು 20 ಇಂಚಿನ ಜಂಬೊ ಹಾಕಿಸುವುದು ಹರಿವಿನ ದೃಷ್ಟಿಯಿಂದ ಒಳ್ಳೆಯ ಹೂಡಿಕೆ.

ಫಿಲ್ಟರ್ ಚೊಕ್ಕವಾಗಿದ್ದರೆ ರೆಸಿನ್‌ನದೇ ತೊಂದರೆ. ಕಬ್ಬಿಣ ಜಾಸ್ತಿಯಿರುವ ಬೋರ್ ನೀರು ಮಣಿಗಳ ಮೇಲೆ ತುಕ್ಕಿನ ಲೇಪ ಹಚ್ಚುತ್ತದೆ. ಬಕೆಟಿನಲ್ಲಿ ಹಿಡಿದಿಟ್ಟ ನೀರು ಕೆಂಪಗಾಗುವ ಮನೆಗಳಲ್ಲಿ ಸಾಫ್ಟನರಿಗೆ ಮೊದಲು ಕಬ್ಬಿಣ ತೆಗೆಯುವ ಫಿಲ್ಟರ್ ಕಡ್ಡಾಯ. ಹಳೆಯ ರೆಸಿನ್ ಒಡೆದು ಪುಡಿಯಾಗಿ ತಳದ ಜಾಲರಿಯಲ್ಲಿ ಸಿಕ್ಕಿಕೊಂಡರೂ ಹರಿವು ಬೀಳುತ್ತದೆ. ನಲ್ಲಿಯ ತುದಿಯ ಜಾಲರಿ ಬಿಚ್ಚಿದಾಗ ಜೇನುಬಣ್ಣದ ಇಡೀ ಮಣಿಗಳು ಉದುರಿದರೆ ಆ ತಳದ ಜಾಲರಿಯೇ ಒಡೆದಿದೆ ಎಂದರ್ಥ. ಕೂಡಲೇ ಬೈಪಾಸಿಗೆ ಹಾಕಿ, ಇಲ್ಲದಿದ್ದರೆ ಮಣಿಗಳು ಮನೆಯ ಎಲ್ಲ ನಲ್ಲಿಗಳಿಗೂ, ವಾಷಿಂಗ್ ಮೆಷೀನಿನ ಬಾಯಿಗೂ ಹೋಗಿ ಕೂರುತ್ತವೆ.

ಚರಂಡಿಗೆ ಹೋಗುವ ಉಪ್ಪು

ಒಂದು ರೀಜನರೇಷನ್‌ಗೆ ರೆಸಿನ್‌ನ ಐದಾರು ಪಟ್ಟು ನೀರು ಬೇಕು, ನಮ್ಮ ಮನೆಯಲ್ಲಿ ವಾರಕ್ಕೆ 200-250 ಲೀಟರ್. ಇದರಲ್ಲಿ ಮೊದಲ ಬ್ಯಾಕ್‌ವಾಶ್ ನೀರಿಗೆ ಉಪ್ಪು ಸೇರಿರುವುದಿಲ್ಲ, ಬಕೆಟಿಗೆ ಹಿಡಿದು ಅಂಗಳ ತೊಳೆಯಬಹುದು. ನಡುವಿನ ಉಪ್ಪುನೀರು ಒಳಚರಂಡಿಗೇ ಹೋಗಬೇಕು. 2009ರಿಂದ ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾದ ಮೇಲೆ ಎಷ್ಟೋ ಮನೆಗಳ ಅಂಗಳದಲ್ಲಿ ಇಂಗುಗುಂಡಿ ಇದೆ, ಸಾಫ್ಟನರಿನ ಡ್ರೈನ್ ಪೈಪನ್ನು ಹತ್ತಿರವೆಂದು ಅದಕ್ಕೇ ಬಿಡುವ ಪ್ಲಂಬರುಗಳಿದ್ದಾರೆ. ತಿಂಗಳಿಗೆ 20 ಕಿಲೋ ಉಪ್ಪು, ವರ್ಷಕ್ಕೆ 240 ಕಿಲೋ, ನೇರವಾಗಿ ನಿಮ್ಮದೂ ಪಕ್ಕದ ಮನೆಯವರದೂ ಬೋರ್‌ವೆಲ್ಲಿಗೆ. ಕೆಲಸ ಮುಗಿಸಿ ಪ್ಲಂಬರ್ ಹೊರಡುವ ಮುನ್ನ ಆ ಪೈಪಿನ ತುದಿ ಎಲ್ಲಿದೆ ಎಂದು ಹೋಗಿ ನೋಡಿ. ಸಂಪಿಗೆ ಬೀಳಬೇಕಾದದ್ದು ತಾರಸಿಯ ಮಳೆನೀರು. ಅದರಲ್ಲಿ ಗಡಸು ಇಲ್ಲವೇ ಇಲ್ಲ ಎನ್ನಬಹುದು, ಫಿಲ್ಟರ್ ಮಾಡಿ ಬೋರ್ ನೀರಿಗೆ ಬೆರೆಸಿದಷ್ಟೂ ಆ ತಿಂಗಳ ಉಪ್ಪಿನ ಚೀಲ ನಿಧಾನವಾಗಿ ಖಾಲಿಯಾಗುತ್ತದೆ.